ನಿರೀಕ್ಷೆ ಬತ್ತಿದ ಎಳೆಯ ಮನಸ್ಸು

ಹದಿಹರೆಯದ ಮಗನೋ ಮಗಳೋ ನಿನ್ನೆ ಮೊನ್ನೆಯವರೆಗೆ ಪ್ರಾಣದಂತಿದ್ದ ಆಟಪಾಟಗಳನ್ನೂ ಗೆಳೆಯರನ್ನೂ ತೊರೆದು, ದಿನಗಟ್ಟಲೆ ಕೋಣೆಯ ಬಾಗಿಲು ಮುಚ್ಚಿ ಕುಳಿತಾಗ, ಅದನ್ನು ಸೋಮಾರಿತನವೆಂದು ಬಗೆದು ಮೊದಲು ಗದರಿಸುವುದು, ಗದರಿಕೆ ನಾಟದಿದ್ದರೆ ಪಿಯುಸಿಯಲ್ಲಿ ಇಷ್ಟು ಅಂಕ ಬಂದರೆ ಬೈಕು ಕೊಡಿಸುವೆನೆಂದು ಆಸೆ ತೋರಿಸುವುದು ನಮ್ಮ ಮನೆಗಳ ರೂಢಿಯಾಗಿದೆ. ಖಿನ್ನತೆಗೆ ತುತ್ತಾದ ಮಗುವಿನಲ್ಲಿ ಈ ಎರಡು ಉಪಾಯಗಳೂ ಏಕೆ ನಿಷ್ಫಲವಾಗುವುವೆಂಬುದನ್ನು ನರವಿಜ್ಞಾನವು ಈಗ ತಕ್ಕಮಟ್ಟಿಗೆ ತಿಳಿಸಬಲ್ಲುದು.

ಮಿದುಳಿನ ಆಳದಲ್ಲಿರುವ ವೆಂಟ್ರಲ್ ಸ್ಟ್ರಯೇಟಮ್ ಎಂಬ ಭಾಗಕ್ಕೆ ನಡುಮಿದುಳಿನಿಂದ ಹೊರಟ ನರತಂತುಗಳು ಡೋಪಮೈನ್ ಎಂಬ ರಾಸಾಯನಿಕವನ್ನು ಒಯ್ಯುತ್ತವೆ. ಜನರು ಇದನ್ನು ಸುಖದ ದ್ರವ್ಯವೆಂದು ಭಾವಿಸುವರಾದರೂ, ಸುಖಾನುಭವಕ್ಕಿಂತ ಸುಖದ ನಿರೀಕ್ಷೆಯೊಡನೆಯೇ, ಆ ನಿರೀಕ್ಷೆಯಿಂದ ಹುಟ್ಟುವ ಪ್ರಯತ್ನದೊಡನೆಯೇ, ಇದರ ನಂಟು ಹೆಚ್ಚು. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಅವರು ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಹಣ್ಣಿನ ರಸ ಬರಲಿದೆಯೆಂಬ ಸೂಚನೆಯು ಒಮ್ಮೆ ರೂಢಿಯಾದ ಮೇಲೆ, ಡೋಪಮೈನ್ ಕೋಶಗಳು ಸ್ಪಂದಿಸಿದ್ದು ರಸವು ನಾಲಗೆಗೆ ತಾಕಿದಾಗಲ್ಲ, ಸೂಚನೆಯು ಕಂಡಾಗ. ಇಂತಹ ನಿರೀಕ್ಷೆಯೇ ಬತ್ತಿದವನು ಹಾಸಿಗೆ ಬಿಟ್ಟು ಏಳುವುದಾದರೂ ಯಾವುದರ ಬಲದಿಂದ?

ಇಂಗ್ಲೆಂಡ್, ಐರ್ಲೆಂಡ್, ಫ್ರಾನ್ಸ್, ಜರ್ಮನಿಗಳ 14 ವರ್ಷದ ಮಕ್ಕಳನ್ನು ಕುರಿತ ‘ಇಮಾಜೆನ್’ ಅಧ್ಯಯನವು, ಖಿನ್ನತೆಯಲ್ಲಿ ಈ ನಿರೀಕ್ಷೆ ಕುಂದುತ್ತದೆ ಎಂಬುದಕ್ಕೆ ಪುಷ್ಟಿ ಕೊಡುತ್ತದೆ. ಬಹುಮಾನವನ್ನು ಎದುರುನೋಡುವ ಕ್ಷಣದಲ್ಲಿ, ಖಿನ್ನತೆಯುಳ್ಳ ಮಕ್ಕಳ ವೆಂಟ್ರಲ್ ಸ್ಟ್ರಯೇಟಮ್ ಮಂದವಾಗಿತ್ತೆಂದು ಆರ್ಗಿರಿಸ್ ಸ್ಟ್ರಿಂಗಾರಿಸ್ ಮತ್ತು ಸಂಗಡಿಗರು 2015ರಲ್ಲಿ ವರದಿ ಮಾಡಿದರು. ಆಗ ಆರೋಗ್ಯವಾಗಿದ್ದವರಲ್ಲಿಯೂ ಈ ಮಾಂದ್ಯವು ಎರಡು ವರ್ಷಗಳ ಬಳಿಕ ತಲೆದೋರುವ ಖಿನ್ನತೆಯ ಮುನ್ಸೂಚನೆಯಾಗಿತ್ತು. ಇದು ಸಮೂಹದ ಸರಾಸರಿಯ ಮಾತು; ಒಂದು ಮಗುವಿನ ರೋಗನಿರ್ಣಯಕ್ಕೆ ಮಿದುಳಿನ ಚಿತ್ರ ಸಾಲದು.

ಇನ್ನು ಆತಂಕವೆಂಬ ಕಾಯಿಲೆಯ ಸಂಗತಿ ಬೇರೆ. ಎಳವೆಯಿಂದಲೂ ಅತಿಯಾಗಿ ಅಳುಕುವ ಸ್ವಭಾವದ, ಆತಂಕಕ್ಕೆ ಈಡಾಗುವ ಸಂಭವ ಹೆಚ್ಚಾಗಿರುವ ಹದಿಹರೆಯದವರಲ್ಲಿ, ಪಣ ದೊಡ್ಡದಾದಷ್ಟೂ ಇದೇ ಪ್ರದೇಶವು ಇತರರಿಗಿಂತ ಹೆಚ್ಚು ಕೆರಳುವುದು ಕಂಡುಬಂದಿದೆ. ಆದುದರಿಂದ ಬೈಕಿನ ಆಮಿಷವು ಖಿನ್ನ ಮಗುವನ್ನು ಮುಟ್ಟುವುದೇ ಇಲ್ಲ, ಆತಂಕದ ಮಗುವಿಗೆ ಹೊರೆಯಾಗುತ್ತದೆ ಎಂದು ನನ್ನ ದೃಢವಾದ ಎಣಿಕೆ. ಬಾಡಿದ ಗಿಡಕ್ಕೆ, ಫಲ ಕೊಟ್ಟರೆ ನೀರೆರೆಯುವೆನೆಂದು ಷರತ್ತು ಹಾಕುವುದು ನ್ಯಾಯವೇ?

ಉತ್ಸಾಹ ಬಂದ ಮೇಲೆ ಕಾರ್ಯ ಎಂಬ ಕ್ರಮವನ್ನು ತಿರುಗಿಸಿ, ಸಣ್ಣದೊಂದು ಕಾರ್ಯವನ್ನು ಮೊದಲು ಮಾಡಿಸಿ ಉತ್ಸಾಹಕ್ಕೆ ಎಡೆಮಾಡಿಕೊಡುವ ಚಿಕಿತ್ಸಾಕ್ರಮವೊಂದು ಮನೋವೈದ್ಯರಲ್ಲಿ ಬಳಕೆಯಲ್ಲಿದೆ. ಸಂಜೆ ಅಪ್ಪನೊಡನೆ ಹತ್ತು ನಿಮಿಷದ ನಡಿಗೆ, ಅಮ್ಮನೊಡನೆ ಅಡುಗೆಮನೆಯಲ್ಲಿ ಒಂದು ಕೆಲಸ. ಅಂಕದ ಮಾತಿಲ್ಲ, ನೆರೆಮನೆಯ ಹುಡುಗನ ಹೋಲಿಕೆಯಿಲ್ಲ. ಇಷ್ಟನ್ನು ಯಾವ ಮನೆಯೂ ಮಾಡಬಲ್ಲುದು. ಆದರೆ ಇದು ವೈದ್ಯರ ಸ್ಥಾನವನ್ನು ತುಂಬಲಾರದು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವಯಸ್ಸಿನವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ಅಸ್ವಾಸ್ಥ್ಯವಿತ್ತು. ಮಗುವಿನ ಮೌನವು ಎರಡು ವಾರ ಮೀರಿದರೆ ತಜ್ಞರನ್ನು ಕಾಣಿರಿ. ಸಾಯುವ ಮಾತು ಬಂದರಂತೂ ಒಂದು ಗಳಿಗೆಯೂ ತಡಮಾಡದಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ, ದೊರೆಯುತ್ತದೆ.