ಐದು ಹುಳ, ಒಂದು ಸೀಸೆ

ಮಕ್ಕಳೇ, ‘ಅಕ್ಕಾ, ಓದಲಿಕ್ಕೆ ನಿಮಗೆ ಹುಳಾನೇ ಬೇಕಿತ್ತಾ?’ ಎಂದು ನಿಮ್ಮಲ್ಲಿ ಕೆಲವರು ಪತ್ರ ಬರೆದು ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ. ಈ ವಾರ ಉತ್ತರ ಹೇಳಿಬಿಡುತ್ತೇನೆ.

ನಮ್ಮದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಕಪ್ಪು ಎರೆ ಭೂಮಿ, ಕಣ್ಣು ಹಾಯಿಸಿದಷ್ಟೂ ತೊಗರಿ. ನಾನು ಐದನೇ ತರಗತಿಯಲ್ಲಿದ್ದಾಗ, ತೊಗರಿ ಹೂ ಬಿಡುವ ಹೊತ್ತಿಗೆ ಹಸಿರು ಹುಳದ ಕಾಟ ಶುರುವಾಯಿತು. ಆಯಿ ಮತ್ತು ಅವ್ವ ಗಿಡದ ಬುಡಕ್ಕೆ ಹಳೆಯ ಸೀರೆ ಹಾಸಿ, ಗಿಡ ಅಲ್ಲಾಡಿಸಿ, ಉದುರಿದ ಹುಳ ಆರಿಸುತ್ತಿದ್ದರು. ನಾನು ಐದು ಹುಳಗಳನ್ನು ಸೀಸೆಗೆ ಹಾಕಿ, ಎಳೆಯ ಕಾಯಿ ಇಟ್ಟು, ಮುಚ್ಚಳಕ್ಕೆ ಸಣ್ಣ ತೂತು ಕೊರೆದೆ. ನಾಲ್ಕನೇ ದಿನ ನೋಡಿದರೆ ಒಂದೇ ಹುಳ!

‘ಆಯಿ, ಉಳಿದವು ಎಲ್ಲಿ ಹೋದ್ವು?’

‘ಮುಚ್ಚಳ ಹಾಕಿದಾಕಿ ನೀನು. ನನಗೇನು ಗೊತ್ತು ಯವ್ವಾ, ಓದಿ ತಿಳ್ಕೊ.’

ಆ ವರ್ಷ ಎಕರೆಗೆ ಒಂದು ಚೀಲವೂ ಆಗಲಿಲ್ಲ. ಅಪ್ಪ ದುಡಿಯಲು ಮುಂಬಯಿಗೆ ಹೋದವರು ಯುಗಾದಿಗೂ ಬರಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಹುಳಗಳ ಚಿತ್ರ ಬರೆಯಲು ಶುರು ಮಾಡಿದ್ದು ಆಗಲೇ. ಆ ಹವ್ಯಾಸ ಇಂದಿಗೂ ಬಿಟ್ಟಿಲ್ಲ.

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡೆ. ಮಗಳು ಡಾಕ್ಟರ್ ಆಗಲಿ ಎಂದು ಮನೆಯವರ ಆಸೆ. ನೀಟ್‌ನಲ್ಲಿ ಅಂಕ ಸಾಲಲಿಲ್ಲ. ಎರಡು ದಿನ ಊಟ ಬಿಟ್ಟು ಮಲಗಿದೆ. ಮೂರನೇ ದಿನ ಆಯಿ, ‘ಏಳು, ಹೊಲಕ್ಕ ಹೋಗಿ ಬರೋಣು’ ಅಂದಳು. ಹೋಗುವಾಗ ಸುಮ್ಮನೆ ನೋಟ್‌ಬುಕ್ ಕೈಗಿಟ್ಟಳು. ಬಿ.ಎಸ್ಸಿ. ಸೇರಿದೆ. ಈಗ ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ.

ಒಂದು ದಿನ ತರಗತಿಯಲ್ಲಿ ಮೇಡಂ ಹೇಳಿದರು: ‘ಕಾಯಿಕೊರಕ ಹುಳಗಳನ್ನು ಸಾಕುವಾಗ ಒಂದೊಂದನ್ನೂ ಬೇರೆ ಬೇರೆ ಇಡಬೇಕು. ಇಲ್ಲವಾದರೆ ಒಂದನ್ನೊಂದು ತಿಂದುಬಿಡುತ್ತವೆ.’ ಹನ್ನೊಂದು ವರ್ಷದ ಹಿಂದಿನ ನನ್ನ ಸೀಸೆ ಕಣ್ಣ ಮುಂದೆ ಬಂತು!

ಈ ಹುಳದ ಹೆಸರು ಹೆಲಿಕೋವರ್ಪಾ ಆರ್ಮಿಜೆರಾ. ಬೆಳೆದ ಮೇಲೆ ಮಣ್ಣಿಗಿಳಿದು ಕೋಶವಾಗುತ್ತದೆ, ಆಮೇಲೆ ಪತಂಗವಾಗಿ ಹಾರುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಿದರೆ ಕೋಶಗಳು ಮೇಲೆ ಬಂದು ಹಕ್ಕಿಗಳ ಪಾಲಾಗುತ್ತವೆ. ಆಯಿಯ ಸೀರೆಯ ಉಪಾಯವನ್ನೂ ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುತ್ತಾರೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಬೇಳೆಯ ಹಿಂದೆ ಇಂಥ ಎಷ್ಟು ಕೈಗಳ ದುಡಿಮೆ ಇದೆಯೋ!

ಊರಿಗೆ ಹೋದಾಗ ಆಯಿಗೆ ಉತ್ತರ ಹೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರ ಹೊಲದಾಗ ಯಾಕ ಎಲ್ಲಾ ತಿಂದು ಮುಗಿಯಂಗಿಲ್ಲ?’ ಎಂದಳು. ತಾಯಿ ಪತಂಗ ನೂರಾರು ಮೊಟ್ಟೆಗಳನ್ನು ಅಲ್ಲೊಂದು ಇಲ್ಲೊಂದು ಇಡುತ್ತದೆ, ಹಾಗಾಗಿ ಮರಿಗಳು ಎದುರಾಗುವುದು ಕಡಿಮೆ ಎಂದೆ. ‘ಜಾಣಿ ಅದ’ ಎಂದಳು. ನನಗೋ, ಪತಂಗಕ್ಕೋ, ತಿಳಿಯಲಿಲ್ಲ.

ಬಿ.ಎಡ್. ಮಾಡಿದರೆ ಬೇಗ ನೌಕರಿ ಎನ್ನುತ್ತಾರೆ ಅಪ್ಪ. ಸಂಶೋಧನೆ ಮಾಡುತ್ತೇನೆ ಎನ್ನುತ್ತೇನೆ ನಾನು. ಇನ್ನೂ ತೀರ್ಮಾನವಾಗಿಲ್ಲ. ಆಯಿ ಮಾತ್ರ ನನ್ನ ಕಡೆ!

ನಿಮ್ಮ ಅಜ್ಜ, ಅಜ್ಜಿಯರನ್ನು ಅವರ ಹೊಲದ ಹುಳದ ಬಗ್ಗೆ ಕೇಳಿ, ನನಗೆ ಬರೆಯಿರಿ. ಹುಳ ಸಾಕುವುದಾದರೆ ಒಂದು ಸೀಸೆಗೆ ಒಂದೇ!