ಸೈರನ್ ಹಾಕಿದರೆ ಸಾಲದು

ಆಂಬುಲೆನ್ಸ್ ಸದಾ ಸೈರನ್ ಹಾಕಿಕೊಂಡೇ ಓಡಬೇಕು, ದಾರಿ ಬಿಡದವರಿಗೆ ದಂಡ ಜಡಿಯಬೇಕು ಎಂದು ವಾದಿಸುವವರಿದ್ದಾರೆ. ದಂಡ ಸರಿ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲೇ 10,000 ರೂಪಾಯಿ ಇದೆ. ಮೊದಲ ಮಾತು ಮಾತ್ರ ಅಪಾಯಕಾರಿ.

ಯಾದಗಿರಿ ಜಿಲ್ಲೆಯ ಸುರಪುರದಿಂದ ಶಹಾಪುರ, ಜೇವರ್ಗಿ ದಾಟಿ ಕಲಬುರಗಿಗೆ ಹೋಗುವ ದಾರಿಯಲ್ಲಿ ಆಂಬುಲೆನ್ಸ್ ತಡೆಯುವುದು ಸಿಗ್ನಲ್ ಅಲ್ಲ. ಹತ್ತಿ ಹೇರಿದ ಟ್ರ್ಯಾಕ್ಟರ್ ಅರ್ಧ ರಸ್ತೆ ತುಂಬಿರುತ್ತದೆ. ಡೆಕ್ಕಿನ ಹಾಡಿನ ಅಬ್ಬರದಲ್ಲಿ ಚಾಲಕನಿಗೆ ಸೈರನ್ ಕೇಳುವುದು ಅದು ಬೆನ್ನಿಗೆ ಬಂದಾಗಲೇ. ಗಾಬರಿಯಲ್ಲಿ ಎಡಕ್ಕೋ ಬಲಕ್ಕೋ ಎಳೆದನೆಂದರೆ ಮುಗಿಯಿತು. ಕುರಿಹಿಂಡಿಗಂತೂ ಮೋಟಾರು ಕಾಯ್ದೆ ಗೊತ್ತಿಲ್ಲ. ಆಂಬುಲೆನ್ಸ್ ಒಳಗೆ ಹೆರಿಗೆ ನೋವಿನ ಹೆಣ್ಣುಮಗಳು. ಓಲಾಡುತ್ತಲೇ ಆಕೆಗೆ ಸಲೈನ್ ಸೂಜಿ ಚುಚ್ಚಲು ಹೆಣಗುವ ಸಿಬ್ಬಂದಿ. ಪ್ರತಿ ಹಂಪಿಗೂ ನರ ತಪ್ಪುತ್ತದೆ.

ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರೋಗಿಯನ್ನು ಸಾಗಿಸುವಾಗ ದೀಪ, ಸೈರನ್ ಇಲ್ಲದಿದ್ದರೆ ಲಕ್ಷ ಓಡಾಟಕ್ಕೆ 7 ಅಪಘಾತ; ಇದ್ದರೆ 17.1. ಅಷ್ಟು ದೂರವೇಕೆ? 2022ರ ಜುಲೈನಲ್ಲಿ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ರೋಗಿಯನ್ನು ಹೊತ್ತು ಧಾವಿಸುತ್ತಿದ್ದ ಆಂಬುಲೆನ್ಸ್ ಒದ್ದೆ ರಸ್ತೆಯಲ್ಲಿ ಜಾರಿ ನಾಲ್ವರು ಸತ್ತರು. ಅಲ್ಲಿನ ಸಿಬ್ಬಂದಿ ದಾರಿ ಬಿಡಲೆಂದೇ ಓಡುತ್ತಿದ್ದರು.

ಹೃದಯಾಘಾತವಾದವರಿಗೆ, ರಕ್ತ ನಿಲ್ಲದ ಬಾಣಂತಿಗೆ ಸೈರನ್ ಬೇಕೇ ಬೇಕು. ಕಾಲು ಮುರಿದವರಿಗೆಲ್ಲ ಬೇಡ. ಅದನ್ನು ತೀರ್ಮಾನಿಸಬೇಕಾದವರು ರೋಗಿಯ ಪಕ್ಕ ಕೂತ 108ರ ಸಿಬ್ಬಂದಿ, ಹಿಂದಿನಿಂದ ‘ಜಲ್ದಿ ಹೊಡಿರಿ’ ಎಂದು ಕೂಗುವ ಬಂಧುಗಳಲ್ಲ. ಯಾದಗಿರಿಯ ಆರೋಗ್ಯ ಇಲಾಖೆ ಯಾವಾಗ ಸೈರನ್, ಯಾವಾಗ ಬೇಡ ಎಂಬುದನ್ನು ಬರೆದು ಪ್ರತಿ ವಾಹನದೊಳಗೆ ಅಂಟಿಸಲಿ.