ನಂಬರು ಸರಿಯಾಗಿದೆ, ಟ್ರಿಗರ್?

ಕಳೆದ ಮಳೆಗಾಲದ ಒಂದು ಭಾನುವಾರ, ಗವರ್ನರ್‌ಪೇಟೆಯ ಬಾಡಿಗೆ ಮನೆಯಲ್ಲಿ ನಾವು ಪೆಸರಟ್ಟು ತಿಂದು ಕೈತೊಳೆಯುವಷ್ಟರಲ್ಲಿ ಸೋಮವಾರಪೇಟೆಯ ಕಡೆಯಿಂದ ನಮ್ಮ ಷಡ್ಡಕರ ಫೋನು ಬಂತು. ತೋಟಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸಲೆಂದು ಲೈಸೆನ್ಸು ಪಡೆದು, ಒಬ್ಬ ಹಿರಿಯರಿಂದ ಹಳೆಯ .315 ರೈಫಲ್ಲೊಂದನ್ನು ಕೊಂಡಿದ್ದರು. ಹಿಂದಿನ ರಾತ್ರಿ ತೋಟಾ ತುಂಬಿ, ಬೋಲ್ಟಿನ ಹಿಡಿಯನ್ನು ಕೆಳಕ್ಕೆ ಒತ್ತಿದೊಡನೆ ಅದು ತಾನಾಗಿ ಹಾರಿತಂತೆ. ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ. ನಳಿಗೆ ನೆಲದತ್ತ ತಿರುಗಿದ್ದರಿಂದ ಗುಂಡು ಕಣದ ಪಕ್ಕದ ಒದ್ದೆ ಮಣ್ಣಿನಲ್ಲಿ ಹೂತುಹೋಯಿತು. ಹತ್ತು ಹೆಜ್ಜೆ ಆಚೆ ಮಗಳು ಟಾರ್ಚು ಹಿಡಿದು ನಿಂತಿದ್ದಳು.

"ಭಾವ, ನೀವು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವರು. ಆ ವಿಡಿಯೋಗಳಲ್ಲಿ ಏನು ಹೇಳುತ್ತಾರೆ, ಎಲ್ಲಿ ಅರ ಹಾಕಬೇಕು, ಸ್ವಲ್ಪ ನೋಡಿ ಹೇಳಿ" ಎಂಬುದು ಅವರ ಕೋರಿಕೆ. ಮಿಲ್ಟನ್ನನನ್ನು ಓದಿದವನಿಗೆ ಕೋವಿ ರಿಪೇರಿಯೂ ಬರುತ್ತದೆಂಬ ಅವರ ನಂಬಿಕೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆನೆತ್ ಆಂಡರ್ಸನ್ನನ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದವರು ನಾವು. 'ಪೆದ್ದಚೆರುವಿನ ರಾಕ್ಷಸ'ನ ನಲ್ಲಮಲ ಕಾಡು ಈಗ ನಮಗೆ ಒಂದು ಹಗಲಿನ ಪ್ರಯಾಣದ ದೂರದಲ್ಲಿದೆ. ಆದರೆ ನಾವು ಕಂಡ ಕೋವಿಗಳೆಲ್ಲ ಕಾಗದದ ಮೇಲಿನವು. ಆ ಭಾನುವಾರವಿಡೀ ಕುಳಿತು ಟ್ರಿಗರಿನ ಒಳಗನ್ನು ಅರ್ಥಮಾಡಿಕೊಂಡೆವು.

ಇಛಾಪುರದ ಸರಕಾರಿ ಕಾರ್ಖಾನೆಯ ಈ ರೈಫಲ್ಲಿನ ಬೋಲ್ಟು, ಟ್ರಿಗರುಗಳೆಲ್ಲ ಹಳೆಯ ಸೈನ್ಯದ ಲೀ-ಎನ್‌ಫೀಲ್ಡ್ ವಂಶದವು. ಬೋಲ್ಟನ್ನು ಮುಂದಕ್ಕೆ ದೂಡುವಾಗ ಸೂಜಿಯ ಹಿಂಭಾಗದ ಉಕ್ಕಿನ ತುಂಡನ್ನು ಸಿಯರ್ ಎಂಬ ಪುಟ್ಟ ಕೊಕ್ಕೆ ತಡೆದು ನಿಲ್ಲಿಸುತ್ತದೆ, ಸ್ಪ್ರಿಂಗು ಬಿಗಿಯುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಜಾರಿ ಸೂಜಿ ತೋಟಾಕ್ಕೆ ಬಡಿಯುತ್ತದೆ. ಎಳೆತ ಎರಡು ಹಂತದ್ದು: ಮೊದಲು ಸಡಿಲವಾಗಿ ಸರಿಯುತ್ತದೆ, ಆಮೇಲೆ ಬಿಗಿ ಸಿಗುತ್ತದೆ. ಹೊಸಬರು ಈ ಮೊದಲ ಸಡಿಲವನ್ನೇ ದೋಷವೆಂದು ಭಾವಿಸಿ ಅರಕ್ಕೆ ಕೈಹಾಕುತ್ತಾರೆ, ಅದು ದೋಷವಲ್ಲ. ನಿಜವಾದ ದೋಷಗಳು ಬೇರೆ. ಕೊಡಗಿನ ಮಳೆಯಲ್ಲಿ ವರ್ಷಗಟ್ಟಲೆ ಮೂಲೆ ಹಿಡಿದ ಕೋವಿಯಲ್ಲಿ ಎಣ್ಣೆ ಅಂಟಾಗಿ ಕೊಕ್ಕೆ ಪೂರ್ತಿ ಮೇಲೇಳದಿರಬಹುದು. ತುಕ್ಕಿರಬಹುದು, ಸ್ಪ್ರಿಂಗು ಸೋತಿರಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಕೊಕ್ಕೆಯ ಅಂಚು ಸವೆದು ದುಂಡಾಗಿರುವುದು. ಕೂದಲೆಳೆಯಷ್ಟು ಅಂಚಿನ ಮೇಲೆ ಇಡೀ ಸ್ಪ್ರಿಂಗಿನ ಬಲ ನಿಂತಿರುವಾಗ ಮನೆಯ ಅರದಿಂದ ಒಂದೆರಡು ಸಲ ಉಜ್ಜಿದರೂ ಸಾಕು, ಅದು ಹಿಡಿಯುವುದನ್ನು ಬಿಡುತ್ತದೆ.

ನಾವು ಅವರಿಗೆ ಹೇಳಿದ್ದು ಇಷ್ಟೇ: ತೋಟಾಗಳನ್ನೆಲ್ಲ ತೆಗೆದು ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೋಲ್ಟನ್ನು ಹೊರತೆಗೆಯಿರಿ, ಕೋವಿಯನ್ನು ಲೈಸೆನ್ಸುಳ್ಳ ರಿಪೇರಿಯವರಿಗೆ ಒಪ್ಪಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ರಿಪೇರಿಗೂ ಲೈಸೆನ್ಸು ಬೇಕು. ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ಯುವಂತಿಲ್ಲ. ಅವರಿಗೆ ಸ್ವಲ್ಪ ಬೇಸರವಾಯಿತು. ವಾರದ ನಂತರ ಮೈಸೂರಿನಲ್ಲಿ ಬಿಚ್ಚಿ ನೋಡಿದವರು, ಅಂಚನ್ನು ಹಿಂದೆಂದೋ ಯಾರೋ ಉಜ್ಜಿದ್ದಾರೆಂದರು. ಮಾರಿದ ಹಿರಿಯರನ್ನು ಕೇಳಿದರೆ, "ಎಳೆಯಲು ಹಗುರಾಗಲಿ ಎಂದು ಮಾಡಿಸಿದ್ದೆ" ಎಂದು ಸಲೀಸಾಗಿ ಒಪ್ಪಿಕೊಂಡರಂತೆ.

ಆ ಹಿರಿಯರ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ತಕರಾರು ಇರುವುದು ವ್ಯವಸ್ಥೆಯ ಒಂದು ಕುರುಡಿನ ಬಗ್ಗೆ. ಈ ರೈಫಲ್ಲು ಕೈಬದಲಾದಾಗ ಅರ್ಜಿ, ಪೊಲೀಸ್ ವರದಿ, ಗುರುತಿನ ಚೀಟಿ ಎಲ್ಲವೂ ಆದವು. ನಳಿಗೆಯ ಮೇಲಿನ ನಂಬರನ್ನು ಪುಸ್ತಕದ ನಂಬರಿನೊಡನೆ ಎರಡು ಸಲ ತಾಳೆ ನೋಡಿದರು. 2016ರ ನಿಯಮಗಳು ಅರ್ಜಿದಾರನಿಗೆ ಸುರಕ್ಷತಾ ತರಬೇತಿಯನ್ನೂ ವಿಧಿಸಿವೆ, ಒಳ್ಳೆಯದೇ. ಆದರೆ ಟ್ರಿಗರ್ ಹಿಡಿಯುತ್ತದೆಯೇ ಎಂದು ಯಾರೂ ನೋಡಲಿಲ್ಲ. ಬಾಡಿಗೆ ಲಾರಿಗೆ ಫಿಟ್‌ನೆಸ್ ಸರ್ಟಿಫಿಕೇಟು ಕೇಳುವ ಸರಕಾರ (ನಾವೂ ಅದರ ಒಂದು ಮೂಲೆಯಲ್ಲಿ ಕಡತ ಹೊರುವವರೇ) ಹಳೆಯ ಕೋವಿಯ ಮಾರಾಟದ ಕಾಗದಕ್ಕೆ ರಿಪೇರಿಯವರ ತಪಾಸಣೆಯ ಒಂದು ಸಹಿಯನ್ನು ಏಕೆ ಕಡ್ಡಾಯ ಮಾಡಬಾರದು?

ಅದು ಇನ್ನೊಂದು ಅಲೆದಾಟ, ಇನ್ನೊಂದು ಲಂಚದ ದಾರಿ ಎನ್ನುವವರಿದ್ದಾರೆ. ಆ ಭಯ ನಮಗೂ ಗೊತ್ತು. ಲೈಸೆನ್ಸುಳ್ಳ ರಿಪೇರಿಯವರು ಪ್ರತಿ ಊರಿನಲ್ಲಿ ಸಿಗುವುದಿಲ್ಲವೆಂಬುದೂ ನಿಜ. ಆದರೆ ಹೊಸ ಮಾಲೂ ತಪ್ಪಿಗೆ ಹೊರತಲ್ಲ: ಅಮೆರಿಕದ ರೆಮಿಂಗ್ಟನ್ ಕಂಪನಿ 2006ರ ಮೇ ತಿಂಗಳಿಂದ 2014ರ ಏಪ್ರಿಲ್‌ವರೆಗೆ ತಯಾರಿಸಿದ ಎಕ್ಸ್-ಮಾರ್ಕ್ ಪ್ರೊ ಟ್ರಿಗರಿನ ರೈಫಲ್ಲುಗಳನ್ನು 2014ರಲ್ಲಿ ವಾಪಸು ಕರೆಸಿಕೊಂಡಿತು. ಜೋಡಿಸುವಾಗ ಹಚ್ಚಿದ ಅಂಟು ಹೆಚ್ಚಾಗಿ, ಟ್ರಿಗರ್ ಎಳೆಯದೆಯೂ ಗುಂಡು ಹಾರುವ ಸಂಭವವಿತ್ತು. ಅಲ್ಲಿ ಕರೆಸಲು ಒಬ್ಬ ತಯಾರಕನಿದ್ದ. ಮೂರು ಕೈ ದಾಟಿದ ನಮ್ಮ ಹಳೆಯ ರೈಫಲ್ಲನ್ನು ಯಾರು ಕರೆಸಬೇಕು?

ಕೊಡಗಿನಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು. ಕೈಲ್ ಪೊಳ್ದಿನಂದು ಕೋವಿಗಳಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುವ ಮನೆಗಳವು. ವಿನಾಯಿತಿಯನ್ನು ನಾವು ಗೌರವಿಸುತ್ತೇವೆ. ತಪಾಸಣೆಯ ಮಾತು ಅದಕ್ಕೆ ಅಡ್ಡಬರುವಂಥದ್ದಲ್ಲ. ಪೂಜೆಗೆ ಒಂದು ವಾರ ಮುಂಚೆ ರಿಪೇರಿಯವರನ್ನು ಊರಿಗೆ ಕರೆಸಿ ಎಲ್ಲ ಮನೆಗಳ ಕೋವಿಗಳನ್ನೂ ತೋರಿಸಿದರೆ ಯಾರ ಹಕ್ಕೂ ಕಡಿಮೆಯಾಗದು.

ಷಡ್ಡಕರ ರೈಫಲ್ಲು ಇನ್ನೂ ಮೈಸೂರಿನಲ್ಲೇ ಇದೆ. ಬದಲಿ ಕೊಕ್ಕೆ ಸಿಗಬೇಕು. ಸದ್ಯಕ್ಕೆ ಅವರು ಪಟಾಕಿ ಹೊಡೆದು ಹಂದಿ ಓಡಿಸುತ್ತಿದ್ದಾರೆ. ತಪಾಸಣೆಯ ಸಲಹೆಯನ್ನು ಅರ್ಜಿಯ ರೂಪದಲ್ಲಿ ನಾವೇ ಬರೆದುಕೊಟ್ಟೆವು, ಅವರು ಸಹಿ ಹಾಕಿ ಸಂಬಂಧಪಟ್ಟ ಕಚೇರಿಗೆ ಕಳಿಸಿದರು. ಕಳೆದ ವಾರ ಉತ್ತರ ಬಂತು: ಕೋವಿಯ ನಂಬರನ್ನು ಸ್ಪಷ್ಟವಾಗಿ ನಮೂದಿಸಿ ಅರ್ಜಿಯನ್ನು ಮತ್ತೆ ಸಲ್ಲಿಸತಕ್ಕದ್ದು.